ಕೊನೆಯ ಕ್ಲಾಸ್ ಮುಗಿಯಿತು, ಕೆಲವರಿಗೆ ಥ್ಯಾಂಕ್ಸ್ ಹೇಳಬೇಕು

ಕಳೆದ ವಾರ ನಿವೃತ್ತಿಯಾದೆ. ಸಂವಿಧಾನ ಮತ್ತು ಚುನಾವಣಾ ಕಾನೂನು, ಇಷ್ಟು ವರ್ಷ ಮುಂಬೈಯಲ್ಲಿ ಕಲಿಸಿದ್ದು ಇವೆರಡನ್ನೇ. ಫೋನ್ ಮಾಡಿದವರಿಗೆ, ಮಾಟುಂಗದಿಂದ ಹೂವು ಹಿಡಿದು ಬಂದವರಿಗೆ, ಎಲ್ಲರಿಗೂ ವಂದನೆ. ಆದರೆ ಕೆಲವರಿಗೆ ಬೇರೆಯಾಗಿಯೇ ಹೇಳಬೇಕು.

ಮೊದಲು ಅಪ್ಪನ ಜೊತೆ ಕೆಲಸ ಮಾಡಿದ ಹುಡುಗರಿಗೆ. ಈಗ ಅವರೂ ಅಜ್ಜಂದಿರು. ಅಪ್ಪ ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಕ್ಯಾಶ್ ನೋಡಿಕೊಳ್ಳುತ್ತಿದ್ದರು. ಹಗಲು ಟೇಬಲ್ ಒರೆಸಿ ಸಂಜೆ ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದ ಹುಡುಗರು, ನಾನು ಎಲ್‌ಎಲ್‌ಬಿ ಸೇರಿದ್ದು ಗೊತ್ತಾದ ಕೂಡಲೇ ಕೇಳಿದ್ದು ಒಂದೇ: "ಅಕ್ಕಾ, ನಮ್ಮ ಓಟು ಊರಲ್ಲೋ, ಇಲ್ಲೋ?"

ಸುಲಭದ ಪ್ರಶ್ನೆ ಅನಿಸುತ್ತದೆ ಅಲ್ವಾ? 1950ರ ಜನಪ್ರಾತಿನಿಧ್ಯ ಕಾಯ್ದೆ ತೆಗೆದು ನೋಡಿ. ಸಾಮಾನ್ಯವಾಗಿ ಎಲ್ಲಿ ವಾಸವೋ ಅಲ್ಲಿ ಹೆಸರು ಸೇರಿಸಬೇಕು ಎನ್ನುತ್ತದೆ 19ನೇ ಸೆಕ್ಷನ್. ಊರಲ್ಲಿ ಮನೆ ಇದೆ ಅಂದಮಾತ್ರಕ್ಕೆ ಅಲ್ಲಿಯ ವಾಸಿ ಆಗುವುದಿಲ್ಲ ಎನ್ನುತ್ತದೆ 20ನೆಯದು, ಸ್ವಲ್ಪ ಕಾಲಕ್ಕೆ ಬಿಟ್ಟು ಬಂದರೆ ಆ ವಾಸ ತಪ್ಪುವುದಿಲ್ಲ ಎಂದೂ ಅದೇ ಹೇಳುತ್ತದೆ. ಎರಡು ಕಡೆ ಹೆಸರು ಇರುವಂತಿಲ್ಲ. ಹಾಗಾದರೆ ಹೋಟೆಲಿನ ಅಟ್ಟದಲ್ಲಿ ಮಲಗಿ, ಮಳೆ ಬಿದ್ದಾಗ ನಾಟಿಗೆಂದು ಊರಿಗೆ ಹೋಗಿ ಬರುವ ಹುಡುಗ ಎಲ್ಲಿಯವನು? ಸಂವಿಧಾನದ 326ನೇ ವಿಧಿ ವಯಸ್ಕರಿಗೆಲ್ಲ ಮತ ಕೊಟ್ಟಿದೆ, ನಿಜ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಬೂತಿನಿಂದ ವಾಪಸ್ಸು ಬರಬೇಕು, ಅದೂ ನಿಜ. ನನ್ನ ಪಿಎಚ್‌ಡಿ ಹುಟ್ಟಿದ್ದು ಈ ಜಾಗದಲ್ಲೇ. ಚುನಾವಣಾ ಕಾನೂನಿನಲ್ಲಿ ಪಕ್ಷಗಳ ಜಗಳಕ್ಕಿಂತ ಮತದಾರರ ಪಟ್ಟಿ ದೊಡ್ಡದು ಅಂತ ಇವತ್ತಿಗೂ ನಂಬಿದ್ದೇನೆ.

ಆಮೇಲೆ ನನ್ನ ಗುರುಗಳಿಗೆ. ಕೇಶವಾನಂದ ಭಾರತಿ ಕೇಸನ್ನು ಅವರಷ್ಟು ಪ್ರೀತಿಯಿಂದ ಕಲಿಸಿದವರನ್ನು ನಾನು ಕಂಡಿಲ್ಲ. ಅರ್ಜಿ ಹಾಕಿದ್ದು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ, ವಾದಿಸಿದ್ದು ಮುಂಬೈಯ ನಾನಿ ಪಾಲ್ಖೀವಾಲಾ. 1973ರಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳಲ್ಲಿ 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದದ್ದು ಆ ಏಳು ಜನ. "ಆ ಆರು ಜನ ಬರೆದದ್ದನ್ನೂ ಓದದೆ ಕ್ಲಾಸಿಗೆ ಬರಬೇಡಮ್ಮ" ಅನ್ನುತ್ತಿದ್ದರು ಸರ್. ಎರಡೇ ವರ್ಷದಲ್ಲಿ ಅದೇ ಮೂಲ ಸ್ವರೂಪದ ತತ್ವ ಇಂದಿರಾ ಗಾಂಧಿ–ರಾಜ್ ನಾರಾಯಣ್ ಚುನಾವಣಾ ಕೇಸಿನಲ್ಲಿ ಕೆಲಸಕ್ಕೆ ಬಂತು. ನನ್ನ ಎರಡು ವಿಷಯಗಳೂ ಒಂದೇ ಅಂತ ತೋರಿಸಿಕೊಟ್ಟವರು ಅವರು.

ವಿದ್ಯಾರ್ಥಿಗಳೇ, ನಿಮಗೆ ಜಾಸ್ತಿ ಋಣಿ. 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟ ಕರ್ನಾಟಕದ ಶಾಸಕರು ಇಲ್ಲಿಯ ಹೋಟೆಲಿಗೆ ಬಂದು ಕೂತಾಗ, ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿ ಹಿಡಿದು ನನ್ನನ್ನು ಬಿಟ್ಟವರೇ ಅಲ್ಲ ನೀವು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸ್ಪೀಕರ್ ಆ ಶಾಸಕರನ್ನು ಅನರ್ಹಗೊಳಿಸಿದ್ದನ್ನು ಎತ್ತಿಹಿಡಿದು, ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದು ಎಂಬುದನ್ನು ಮಾತ್ರ ತೆಗೆದುಹಾಕಿತು. ಆ ತೀರ್ಪಿನ ಮೇಲೆ ನೀವು ಮಾಡಿದ ಚರ್ಚೆಯಂಥದ್ದು ದೊಡ್ಡ ಸೆಮಿನಾರುಗಳಲ್ಲೂ ನಾನು ಕೇಳಿಲ್ಲ.

ಲೈಬ್ರರಿಯವರಿಗೆ, ಪರೀಕ್ಷೆ ಪೇಪರ್ ಕಟ್ಟುಗಳ ನಡುವೆ ಮನೆ ನಡೆಸಿದ ನನ್ನ ಯಜಮಾನರಿಗೆ, ಕೈ ಮುಗಿಯುತ್ತೇನೆ.

ಇನ್ನು ಭಾನುವಾರಗಳೆಲ್ಲ ಖಾಲಿ. ಪಟ್ಟಿಯಲ್ಲಿ ಹೆಸರು ಇಲ್ಲದವರು ಫಾರ್ಮ್ 6, ಮನೆ ಬದಲಿಸಿದವರು ಫಾರ್ಮ್ 8 ತುಂಬಬೇಕು. ಗೊತ್ತಾಗದಿದ್ದರೆ ಸುಮ್ನೆ ಮನೆಗೆ ಬನ್ನಿ, ಕೂತು ತುಂಬಿಸೋಣ.