ಮೊದಲು ನೆಲಕ್ಕೆ ಕೂತು ಏಳು ಮಾರಾಯಾ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ನಕ್ಕಿದ್ದೇ ನಕ್ಕಿದ್ದು. "ಅರವತ್ತೈದಕ್ಕೆ ಯೋಗವಾ? ಇನ್ನು ಕಾಲೆತ್ತಿ ತಲೆ ಮೇಲೆ ಇಟ್ಟುಕೊಳ್ತೀಯಾ?" ಅಂದೆ. ಬಾಯಲ್ಲಿ ಹೇಳಿದರೆ ನೀನು ಕೇಳುವವನಲ್ಲ, ನಡುವೆ ಬಾಯಿ ಹಾಕ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ತಲೆ ಮೇಲೆ ಕಾಲಿಡುವ ಆಸೆ ನನಗಿಲ್ಲ. ನನಗೆ ಬೇಕಾಗಿದ್ದು ಇಷ್ಟೇ: ನೆಲಕ್ಕೆ ಕೂರಬೇಕು, ಯಾರ ಕೈಯನ್ನೂ ಹಿಡಿಯದೆ ಏಳಬೇಕು.

ನಮ್ಮ ಅಪ್ಪಂದಿರು ಯಾವತ್ತಾದರೂ ಯೋಗ ಅಂತ ಮಾಡಿದ್ದು ನೋಡಿದ್ದೀಯಾ? ಅವರಿಗೆ ಅದರ ದರಕಾರೇ ಇರಲಿಲ್ಲ. ಊಟಕ್ಕೆ ಮಣೆ. ಮೆಟ್ಟುಗತ್ತಿ ಮುಂದೆ ಅಡಿಕೆ ಸುಲಿಯಲು ಕೂತರೆ ರಾತ್ರಿ ಹತ್ತಾದರೂ ಏಳುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತು ಹಾಲು ಕರೆಯಬೇಕು, ಬಾವಿಯಿಂದ ನೀರು ಸೇದಬೇಕು. ನಮ್ಮ ಕತೆ ಏನು? ಡೈನಿಂಗ್ ಟೇಬಲ್, ಆಫೀಸಿನ ಕುರ್ಚಿ, ಕಾರು, ಸೋಫಾ, ಕೊನೆಗೆ ಕಮೋಡು. ಮೊಣಕಾಲು ಪೂರ್ತಿ ಮಡಚುವ ಪ್ರಸಂಗವೇ ಬರುವುದಿಲ್ಲ. ವಯಸ್ಸಾದ ಹಾಗೆ ತೊಡೆಯ ಮಾಂಸ ಹೇಗೂ ಕರಗುತ್ತದೆ. ಬಳಸದೆ ಇಟ್ಟರೆ ಇನ್ನೂ ಬೇಗ.

ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಯಕ್ಷಗಾನದ ಆಟ ಅಂದರೆ ನಾವಿಬ್ಬರೂ ಗದ್ದೆಯಲ್ಲಿ ಕಂಬಳಿ ಹಾಸಿ ಬೆಳಗಿನವರೆಗೆ ಕೂರುತ್ತಿದ್ದೆವು, ನೆನಪಿದೆಯಲ್ಲ? 2012ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಂಬತ್ತು ಹತ್ತಿರವಾಗಿತ್ತು. ಆಮೇಲೂ ಗೆಜ್ಜೆ ಕಟ್ಟಿದರು. ನಾವು ಈಗ ಆಟಕ್ಕೆ ಹೋದರೆ ಮೊದಲು ಹುಡುಕುವುದು ಕುರ್ಚಿ. ಕುಣಿಯುವವನಿಗಿಂತ ನೋಡುವವನಿಗೇ ಮಂಡಿನೋವು ಜಾಸ್ತಿ!

ಶಿರಸಿಯಲ್ಲಿ ದೇವಿಕೆರೆ ಹತ್ತಿರ ಬೆಳಿಗ್ಗೆ ಆರಕ್ಕೆ ಕ್ಲಾಸು. ಹೇಳಿಕೊಡುವವರು ನನ್ನ ಮಗಳಿಗಿಂತ ಚಿಕ್ಕವರು, ಆದರೂ ಮೇಡಂ ಅಂತಲೇ ಕರೆಯುತ್ತೇವೆ. ಹೊಸಬರು ಬಂದರೆ ಮೊದಲು ವಿಚಾರಣೆ. ಬಿಪಿ ಎಷ್ಟು, ಕಣ್ಣಿಗೆ ಏನಾದರೂ ಇದೆಯಾ, ಬಿದ್ದು ಮೂಳೆ ಮುರಿದಿತ್ತಾ? ಆಮೇಲೆಯೇ ಚಾಪೆ ಬಿಚ್ಚುವುದು.

ನನಗೆ ಅವರು ಮೊದಲು ಕಲಿಸಿದ್ದು ಆಸನವನ್ನಲ್ಲ, ಏಳುವುದನ್ನು. ಅಂಗಾತ ಮಲಗಿದವನು ಧಡಕ್ಕನೆ ಎದ್ದು ಕೂರಬಾರದು. ಮೊದಲು ಮೊಣಕಾಲು ಮಡಚು. ಬಲಗಡೆಗೆ ಹೊರಳು, ಅಲ್ಲೇ ಸ್ವಲ್ಪ ಹೊತ್ತು ಇರು. ಎಡಗೈಯನ್ನು ಎದೆಯ ಮುಂದೆ ನೆಲಕ್ಕೆ ಊರಿ ಒತ್ತು, ಮೈ ತಾನಾಗಿ ಮೇಲೆ ಬರುತ್ತದೆ, ತಲೆ ಕೊನೆಗೆ. ಆಮೇಲೆ ಅಂಬೆಗಾಲು. ಒಂದು ಪಾದ ಮುಂದಿಡು, ಆ ಮೊಣಕಾಲಿನ ಮೇಲೆ ಎರಡೂ ಕೈ ಇಟ್ಟು, ಉಸಿರು ಬಿಡುತ್ತಾ ಏಳು. ಶುರುವಿಗೆ ಪಕ್ಕದಲ್ಲಿ ಒಂದು ಸ್ಟೂಲ್ ಬೇಕಾಗುತ್ತಿತ್ತು. ಈಗ ಸ್ಟೂಲು ಮೂಲೆ ಸೇರಿದೆ. ಹೆಂಡತಿ ಅದರ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟಿದ್ದಾಳೆ.

ಕುರ್ಚಿ, ಗೋಡೆ ಹಿಡಿದು ಮಾಡುವುದು ಎಂಥ ಯೋಗ ಅಂತ ನೀನು ಕೇಳುತ್ತೀಯ, ಗೊತ್ತು. ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನವರು, 1918ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲಾ ಬಂದು ಒಣಗಿಹೋಗಿದ್ದ ಹುಡುಗ. ಬೆಲ್ಟು, ಹಗ್ಗ, ಮರದ ತುಂಡು, ಕುರ್ಚಿ ಬಳಸಿ ಆಸನ ಮಾಡುವುದನ್ನು ಲೋಕಕ್ಕೆಲ್ಲ ಕಲಿಸಿದ್ದು ಅವರೇ. 95 ವರ್ಷ ಬದುಕಿದರು. ಅವರಿಗೆ ಇಲ್ಲದ ನಾಚಿಕೆ ನಮಗೆ ಯಾಕೆ?

ನನಗೆ ತುಂಬಾ ಉಪಯೋಗ ಆಗಿದ್ದು ಒಂಟಿಕಾಲಲ್ಲಿ ನಿಲ್ಲುವ ವೃಕ್ಷಾಸನ. ಚಿತ್ರದಲ್ಲಿರುವ ಹಾಗೆ ಪಾದವನ್ನು ತೊಡೆಗೆ ಒತ್ತುವುದೆಲ್ಲ ಇಲ್ಲ. ಹಿಮ್ಮಡಿಯನ್ನು ಇನ್ನೊಂದು ಕಾಲಿನ ಹರಡಿಗೆ ತಾಗಿಸಿ, ಬೆರಳ ತುದಿ ಗೋಡೆಗೆ ಮುಟ್ಟಿಸಿ ನಿಲ್ಲುವುದು, ಅಷ್ಟೇ. ಮಳೆಗಾಲದಲ್ಲಿ ನಮ್ಮ ಅಂಗಳ ಹೇಗಿರುತ್ತದೆ ನಿನಗೆ ಗೊತ್ತಲ್ಲ, ಅಡಿಕೆ ದಬ್ಬೆ ಹಾಕಿದರೂ ಪಾಚಿ ಜಾರುತ್ತದೆ. ಹೋದ ವರ್ಷ ತೋಟದ ಕಾಲುಸಂಕ ದಾಟುವಾಗ ಕಾಲು ನಡುಗುತ್ತಿತ್ತು, ಆಳಿನ ಹೆಗಲು ಹಿಡಿಯುತ್ತಿದ್ದೆ. ಈ ವರ್ಷ ಕೊಡೆ ಹಿಡಿದುಕೊಂಡು ಒಬ್ಬನೇ ದಾಟುತ್ತೇನೆ. ಈ ವಯಸ್ಸಿನಲ್ಲಿ ಜ್ವರಕ್ಕಿಂತ ಬೀಳುವುದಕ್ಕೇ ಹೆದರಬೇಕು. ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮೊದಲಿನ ಹಾಗೆ ಆಗುವುದೇ ಇಲ್ಲ.

ಆಷಾಢದಲ್ಲಿ ಇಲ್ಲಿ ವಾಕಿಂಗ್ ಅಂತೂ ಆಗದ ಮಾತು. ನಿಮ್ಮ ಬೆಂಗಳೂರಿನ ಪಾರ್ಕಿನಲ್ಲಿ ರಕ್ತ ಹೀರುವ ಉಂಬಳ ಇಲ್ಲ, ನೀನು ಪುಣ್ಯವಂತ.

ಉಸಿರಿನದ್ದೂ ಹೇಳಬೇಕು. ಮಳೆ ಬಿಡದೆ ಹೊಡೆಯುವಾಗ ಅಡಿಕೆಯ ಕೊಳೆರೋಗದ ಚಿಂತೆಗೆ ರಾತ್ರಿ ನಿದ್ದೆ ಬರುವುದಿಲ್ಲ. ಮದ್ದು ಹೊಡೆಯಲು ಒಂದು ದಿನ ಹೊಳವು ಸಿಕ್ಕಿದರೆ ಸಾಕು ಅಂತ ಕಾಯುವುದು. ಆಗ ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ಉದ್ದ ಮಾಡುತ್ತೇನೆ. ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುತ್ತದೆ, ಅದು ಮೈಯ ಸ್ವಭಾವವೇ. ಕೊಳೆ ಅದರಿಂದ ನಿಲ್ಲುವುದಿಲ್ಲ ಬಿಡು. ನಿದ್ದೆ ಬರುತ್ತದೆ.

ಹಾಗಂತ ವಾಟ್ಸಾಪಿನಲ್ಲಿ ಬರುವುದನ್ನೆಲ್ಲ ನಂಬಬೇಡ. ಶುಗರ್ ಮಾತ್ರೆ ಬಿಸಾಡಿ ಅನ್ನುವವರ ಮಾತು ಬೊಗಳೆ. ನನ್ನ ಬಿಪಿ ಮಾತ್ರೆ ಹಾಗೇ ಇದೆ. ಸವೆದ ಮಂಡಿ ಮತ್ತೆ ಬೆಳೆಯುವುದಿಲ್ಲ, ತೊಡೆ ಗಟ್ಟಿಯಾಗಿ ಮಂಡಿಯ ಭಾರ ಹೊರುತ್ತದೆ, ನೋವು ಕಡಿಮೆಯಾಗುತ್ತದೆ. 2015ರಿಂದ ಜೂನ್ 21ರ ಯೋಗ ದಿನ ಬಂತಲ್ಲ, ಅವತ್ತು ಫೋಟೋ ತೆಗೆಸಿಕೊಂಡು ಮರುದಿನ ಚಾಪೆ ಅಟ್ಟಕ್ಕೆ ಹಾಕುವವರು ನಮ್ಮೂರಲ್ಲೂ ಇದ್ದಾರೆ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನಿನಗೆ ಗ್ಲಾಕೋಮಾ ಇದೆ, ಕಣ್ಣೊಳಗಿನ ಒತ್ತಡಕ್ಕೆ ನರ ಹಾಳಾಗುವ ಕಾಯಿಲೆ, ದಿನಾ ಕಣ್ಣಿಗೆ ಹನಿ ಹಾಕುತ್ತೀಯ. ತಲೆ ಕೆಳಗಾಗುವ ಯಾವ ಆಸನವನ್ನೂ ಸುಮ್ನೆ ಯೂಟ್ಯೂಬ್ ನೋಡಿ ಮಾಡಬೇಡ. ಶೀರ್ಷಾಸನ ಒಂದೇ ಅಲ್ಲ, ಕೈಕಾಲು ಊರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನದಲ್ಲೂ ಕಣ್ಣಿನ ಒತ್ತಡ ಏರುತ್ತದೆ. ಮುಂದಿನ ಸಲ ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಯಾವುದು ಮಾಡಬಹುದು, ಯಾವುದು ಬೇಡ ಅಂತ ಕೇಳಿ ಒಂದು ಚೀಟಿಯಲ್ಲಿ ಬರೆಸಿಕೊ. ಅತ್ತಿಗೆಯನ್ನೂ ಕರೆದುಕೊಂಡು ಹೋಗು, ನೀನೊಬ್ಬನೇ ಹೋದರೆ ಅರ್ಧ ಮರೆತು ಬರುತ್ತೀಯ. ಆಮೇಲೆ ಫೋನ್ ಮಾಡು. ಮಧ್ಯಾಹ್ನ ಎರಡರಿಂದ ನಾಲ್ಕು ಬಿಟ್ಟು, ಆಗ ನಾನು ಮಲಗಿರುತ್ತೇನೆ.

ನಿನ್ನ,
ಶಿರಸಿಯ ಗೆಳೆಯ