ಕಬಡ್ಡಿ, ಕುಸ್ತಿ ತಂಡಗಳ ವಿದ್ಯಾರ್ಥಿನಿಯರ ಪೋಷಕರಿಗೆ

ಮಾನ್ಯ ಪೋಷಕರೇ,

ಸೇಡಂ ತಾಲ್ಲೂಕಿನ ನಮ್ಮ ಸರಕಾರಿ ಪ್ರೌಢಶಾಲೆಯಲ್ಲಿ ಈ ವರ್ಷ ಹುಡುಗಿಯರ ಕಬಡ್ಡಿ ತಂಡದ ಜೊತೆಗೆ ಕುಸ್ತಿ ಅಭ್ಯಾಸವನ್ನೂ ಆರಂಭಿಸಿರುವುದು ತಮಗೆ ತಿಳಿದಿದೆ. ತಾಲ್ಲೂಕು ಮಟ್ಟದ ಕ್ರೀಡಾಕೂಟ ಹತ್ತಿರವಾಗಿರುವಾಗ ಕೆಲವು ಪೋಷಕರು ಶಾಲೆಗೆ ಬಂದು, ಇವು ಗಂಡುಮಕ್ಕಳ ಆಟಗಳು, ನಮ್ಮ ಮಗಳ ಹೆಸರು ತೆಗೆಯಿರಿ ಎಂದು ಕೇಳಿದ್ದಾರೆ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ತೀರ್ಮಾನಕ್ಕೆ ಬರುವ ಮುನ್ನ ನನ್ನ ಮಾತನ್ನೂ ಕೇಳಬೇಕೆಂದು ವಿನಂತಿಸುತ್ತೇನೆ.

ಜಾತ್ರೆಗಳಲ್ಲಿ ಗಂಡಸರ ಕುಸ್ತಿಯನ್ನಷ್ಟೇ ನೋಡುತ್ತ ಬೆಳೆದವರು ನಾವು. ಒಲಿಂಪಿಕ್ಸ್‌ಗೂ ಮಹಿಳೆಯರ ಕುಸ್ತಿ ಬಂದದ್ದು 2004ರಲ್ಲಿ; ಅದಾದ 12 ವರ್ಷಗಳಿಗೆ ಹರಿಯಾಣದ ಸಾಕ್ಷಿ ಮಲಿಕ್ ರಿಯೊದಲ್ಲಿ ಕಂಚು ಗೆದ್ದರು. ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳಾ ಕಬಡ್ಡಿ ಮೊದಲ ಬಾರಿಗೆ ನಡೆದ 2010ರಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ನಮ್ಮ ರಾಜ್ಯದ ಮಮತಾ ಪೂಜಾರಿ ಮತ್ತು ತೇಜಸ್ವಿನಿ ಬಾಯಿ ಇದ್ದರು. ನೆರೆಯ ಆಂಧ್ರದ ಕರ್ಣಂ ಮಲ್ಲೇಶ್ವರಿ 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಒಂದೇ ಬಾರಿಗೆ 130 ಕೆ.ಜಿ. ಭಾರವನ್ನು ತಲೆಯ ಮೇಲಕ್ಕೆತ್ತಿ ಕಂಚು ತಂದರು, ಅಂದರೆ ಒಂದು ಕ್ವಿಂಟಲ್ ತೊಗರಿಗಿಂತಲೂ 30 ಕೆ.ಜಿ. ಹೆಚ್ಚು. ತಲೆಯ ಮೇಲೆ ಮೇವಿನ ಹೊರೆ, ಸೊಂಟದಲ್ಲಿ ಕೊಡ ಹೊತ್ತು ನಡೆಯುವ ನಮ್ಮ ಊರಿನ ತಾಯಂದಿರನ್ನು ಯಾರೂ ದುರ್ಬಲರೆನ್ನುವುದಿಲ್ಲ. ಅದೇ ಮನೆಯ ಮಗಳು ಅಂಕಣಕ್ಕಿಳಿದಾಗ ಮಾತ್ರ ಆಕೆಯ ಶಕ್ತಿಯ ಬಗ್ಗೆ ಸಂದೇಹ ಬರುವುದು ನನಗೆ ನೋವಿನ ಸಂಗತಿ.

ತಪ್ಪು ನಮ್ಮಲ್ಲಿಯೂ ಇತ್ತು. ಸಂಜೆಯ ಮೈದಾನವನ್ನು ಹುಡುಗರಿಗೆ ಬಿಟ್ಟುಕೊಟ್ಟು, ಹುಡುಗಿಯರನ್ನು ಒಂದು ಮೂಲೆಯ ಥ್ರೋಬಾಲ್‌ಗೆ ಕಳುಹಿಸುವುದನ್ನು ನಾನೂ ವರ್ಷಗಟ್ಟಲೆ ಸಹಜವೆಂದೇ ನಡೆಸಿಕೊಂಡು ಬಂದೆ. ಈಗ ಬಿಸಿಲೇರುವ ಮೊದಲು, ಬೆಳಿಗ್ಗೆ 6.30ರಿಂದ 7.30ರವರೆಗೆ, ಮೈದಾನ ಅವರದೇ ಆಗಿದೆ.

ಕುಸ್ತಿಯಲ್ಲಿ ಹುಡುಗಿಯರಿಗೆ ಹುಡುಗಿಯರೇ ಎದುರಾಳಿಗಳು, ಅದೂ ಒಂದೇ ತೂಕದ ವಿಭಾಗದವರು. ಅಭ್ಯಾಸಕ್ಕೆ ಟೀ ಶರ್ಟ್ ಮತ್ತು ಟ್ರ್ಯಾಕ್ ಪ್ಯಾಂಟ್ ಸಾಕು. ಸ್ಪರ್ಧೆಯ ಉಡುಪು ಬಿಗಿಯಾಗಿರುವುದಕ್ಕೆ ಕಾರಣ, ಸಡಿಲ ಬಟ್ಟೆ ಎದುರಾಳಿಯ ಕೈಗೆ ಸಿಕ್ಕಿ ಪೆಟ್ಟಾಗಬಾರದೆಂಬುದು. ತೂಕ ಇಳಿಸಲೆಂದು ಯಾರೂ ಮಗುವನ್ನು ಉಪವಾಸ ಕೆಡವಬಾರದು. ಬೆಳೆಯುವ ವಯಸ್ಸಿಗೆ ರೊಟ್ಟಿ, ಬೇಳೆ, ಶೇಂಗಾ, ಮೊಟ್ಟೆ ಹೊಟ್ಟೆ ತುಂಬ ಬೇಕು. ಮುಟ್ಟಿನ ದಿನಗಳಲ್ಲಿ ವಿಶ್ರಾಂತಿ ಬೇಕೆಂದವರು ಕಾರಣ ಹೇಳದೆಯೇ ಪಡೆಯಬಹುದು. ಕ್ರೀಡಾಕೂಟಕ್ಕೆ ಹೋಗುವಾಗಲೂ ಬರುವಾಗಲೂ ಶಿಕ್ಷಕಿಯೊಬ್ಬರು ಜೊತೆಗಿರುತ್ತಾರೆ. ಮೈಗೆ ಗಾಯದ ಕಲೆಯಾದರೆ ಮದುವೆಗೆ ತೊಡಕಾದೀತೆಂದು ಒಬ್ಬ ತಾಯಿ ಕಣ್ಣೀರು ಹಾಕಿದರು. ಮೊಣಕಾಲು ತರಚುವುದೇ ಇಲ್ಲವೆಂದು ನಾನು ಮಾತು ಕೊಡಲಾರೆ. ಆದರೆ ಹದಿನಾಲ್ಕರ ಹುಡುಗಿಯ ಆಟವನ್ನು ಮದುವೆಯ ಲೆಕ್ಕದಲ್ಲಿ ಅಳೆಯಬೇಡಿರೆಂದು ಅವರನ್ನೂ ತಮ್ಮನ್ನೂ ಕೈಮುಗಿದು ಕೇಳುತ್ತೇನೆ.

ಬರುವ ಶನಿವಾರ ಬೆಳಿಗ್ಗೆ ಅಭ್ಯಾಸ ನೋಡಲು ದಯವಿಟ್ಟು ಬನ್ನಿ, ತಾಯಂದಿರಂತೂ ತಪ್ಪದೆ ಬರಬೇಕು. ಒಪ್ಪಿಗೆ ಪತ್ರಕ್ಕೆ ಮಕ್ಕಳ ಆಟ ನೋಡಿದ ಮೇಲೆಯೇ ಸಹಿ ಮಾಡಬಹುದು.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ