ಗುಂಪಿನ ಸದಸ್ಯರ ಗಮನಕ್ಕೆ

ಆತ್ಮೀಯರೇ,

ನಿನ್ನೆ ರಾತ್ರಿ ಕಲ್ಯಾಣಪುರದ ಯಕ್ಷಗಾನ ಆಟದ ವಿಡಿಯೋದ ಕೆಳಗೆ ಸ್ತ್ರೀವೇಷದ ಕಲಾವಿದರ ಬಗ್ಗೆ ಬಂದ ಮಾತುಗಳನ್ನು ಅಳಿಸಿದ್ದೇನೆ. ಅವರ ಕುಣಿತ, ಮಾತುಗಾರಿಕೆಯನ್ನು ಎಷ್ಟು ಬೇಕಾದರೂ ಟೀಕಿಸಿ, ಆದರೆ ‘ಇವನು ಗಂಡಸೇ?’ ಎಂಬುದು ವಿಮರ್ಶೆಯಲ್ಲ. ಒಬ್ಬರಂತೂ ಅವರನ್ನು ‘ಅದು’ ಎಂದೇ ಬರೆದಿದ್ದಾರೆ. ಓದಿ ನನಗೆ ನಿದ್ದೆ ಬರಲಿಲ್ಲ.

ಹೆಸರಾದವರನ್ನು ಬೈಯುವ ಮಾತು ಎಲ್ಲ ದೇಶಗಳಲ್ಲೂ ಮೈಯಿಂದ ನಡತೆಗೆ, ಅಲ್ಲಿಂದ ‘ಸಾಯಿ’ ಎನ್ನುವಲ್ಲಿಗೆ ಇಳಿಯುತ್ತದೆ. ದಕ್ಷಿಣ ಕೊರಿಯಾದ ಗಾಯಕಿ ಸುಲ್ಲಿ 2019ರಲ್ಲಿ, ಜಪಾನಿನ ಕುಸ್ತಿಪಟು ಹಾನಾ ಕಿಮುರಾ 2020ರಲ್ಲಿ ಇಂಥ ಮಾತುಗಳ ಸುರಿಮಳೆಯ ನಡುವೆ ತೀರಿಕೊಂಡರು. ಹಾನಾಗೆ ಬರೀ 22 ವರ್ಷ! 2022ರಲ್ಲಿ ಜಪಾನ್ ಅವಮಾನದ ಅಪರಾಧಕ್ಕೆ ಒಂದು ವರ್ಷದವರೆಗಿನ ಸೆರೆವಾಸದ ಕಾನೂನು ತಂದಿತು.

ಆ ಕಲಾವಿದರ ಮಗಳೂ ಈ ಗುಂಪಿನಲ್ಲಿದ್ದಾಳೆ. ಬರೆದವರು ಇಂದು ಸಂಜೆಯೊಳಗೆ ಆ ಕಲಾವಿದರಿಗೆ ಕರೆ ಮಾಡಿ ಕ್ಷಮೆ ಕೇಳಿ.

– ಅಡ್ಮಿನ್